ಇಪ್ಪತ್ತನಾಲ್ಕರಲ್ಲಿ ಹನ್ನೆರಡು

ಮನುಷ್ಯನ ಬದುಕನ್ನು ನಡೆಸುವುದು ಕಣ್ಣಿಗೆ ಕಾಣದ ಒಂದು ಶಕ್ತಿ; ಅದರ ಮುಂದೆ ದೊಡ್ಡವನು ಸಣ್ಣವನು ಎಂಬ ಭೇದವಿಲ್ಲದೆ ಎಲ್ಲರೂ ತಲೆಬಾಗಲೇಬೇಕು. ನಮ್ಮ ಕುಟುಂಬದಲ್ಲಿ ಆ ಶಕ್ತಿ ಹನ್ನೆರಡು ವೋಲ್ಟಿನದ್ದಾಗಿರಬೇಕೋ ಇಪ್ಪತ್ತನಾಲ್ಕು ವೋಲ್ಟಿನದ್ದಾಗಿರಬೇಕೋ ಎಂಬ ಬಗ್ಗೆ ಮಾತ್ರ ಒಮ್ಮತವಿರಲಿಲ್ಲ.

ವಿಷಯ ಒಂದು ಹಳೆಯ ಮಿಲಿಟರಿ ಜೀಪಿನದ್ದು. ಅದನ್ನು ತಂದದ್ದು ನನ್ನ ಭಾವ, ಎಂದರೆ ಅಕ್ಕನ ಗಂಡ. ಶೋಕಿಗೆ ತಂದದ್ದಲ್ಲ. ಅಕ್ಕನ ಕಿಡ್ನಿಗಳೆರಡೂ ಕೆಲಸ ಬಿಟ್ಟಿದ್ದವು. ವಾರಕ್ಕೆ ಮೂರು ಬೆಳಿಗ್ಗೆ ಅವಳನ್ನು ಕಾಸರಗೋಡಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕಿತ್ತು. ಊಟ ಒಂದು ಹೊತ್ತು ತಪ್ಪಿದರೂ ಅಡ್ಡಿಯಿಲ್ಲ, ಇದು ಒಂದು ಸಲವೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ಹೇಳುವಾಗ ಅವರು ನಗಲಿಲ್ಲ. ಆ ಡಾಕ್ಟರು ಎಲ್ಲದಕ್ಕೂ ನಗುವವರು.

ಅಕ್ಕನ ಮನೆ ಬಂದ್ಯೋಡಿನಿಂದ ಒಳಗೆ, ಗುಡ್ಡೆಯ ಮೇಲೆ. ಪಕ್ಕದ ತೋಟ ದಾಟಿದರೆ ನನ್ನ ಮನೆ. ಮೊದಲು ಅಂಗಳದಿಂದ ನೇರ ಇಳಿದರೆ ಹೆದ್ದಾರಿಯೇ. ಹೆದ್ದಾರಿ ಅಗಲವಾಗುವಾಗ ಗುಡ್ಡೆಯ ಅಂಚನ್ನು ಹಲ್ವ ಕುಯ್ದ ಹಾಗೆ ಕುಯ್ದರು. ನಮ್ಮ ದಾರಿ ಗಾಳಿಯಲ್ಲಿ ಹೋಗಿ ಮುಗಿಯಿತು. ಹೀಗೆ ಹೆದ್ದಾರಿ ಮನೆಗೆ ಹತ್ತಿರ ಬಂತು, ಮನೆ ಹೆದ್ದಾರಿಗೆ ದೂರವಾಯಿತು. ಉಳಿದದ್ದು ಹಿಂಬದಿಯ ಒರಟು ಕೆಂಪು ಮುರಕಲ್ಲಿನ ದಾರಿ. ಅದು ಕಡಿದಾಗಿ ಇಳಿದು, ಒಂದು ತೋಡು, ಎಂದರೆ ಸಣ್ಣ ಹಳ್ಳ, ದಾಟಿ, ಮತ್ತೆ ಹತ್ತಿ ಪಂಚಾಯತಿನ ಡಾಮರು ರಸ್ತೆಗೆ ಸೇರುತ್ತದೆ. ಬೇಸಗೆಯಲ್ಲಿ ಆಟೋ ಬರುತ್ತಿತ್ತು. ಮಳೆಗಾಲದಲ್ಲಿ ಆ ದಾರಿಯನ್ನು ಕಂಡರೆ ಆಟೋದವರು ಎಂಜಿನ್ ಬಂದ್ ಮಾಡಿ ಮುಂದೆ ಅಂಟಿಸಿದ ದೇವರ ಫೋಟೋ ನೋಡುತ್ತಾರೆ.

ಆದ್ದರಿಂದ ಮಳೆ ಹಿಡಿಯುವ ಮೊದಲು ನಾಲ್ಕೂ ಚಕ್ರ ಎಳೆಯುವ ಒಂದು ಗಾಡಿ ಬೇಕಾಯಿತು. ಉಪ್ಪಳದಲ್ಲಿ ನನ್ನ ತಮ್ಮನ ಮನೆ ಉಂಟು, ಲಿಫ್ಟು ಸಮೇತ. ಅಲ್ಲಿಗೆ ಬಾ ಎಂದು ಅವನು ಕರೆದ. "ನಿನ್ನ ಲಿಫ್ಟಿನಲ್ಲಿ ಹತ್ತಿ ಇಳಿದುಕೊಂಡು ನಾನು ಎಂತ ಮಾಡುವುದು?" ಎಂದು ಅಕ್ಕ ಕೇಳಿದಳು. "ಇಲ್ಲಿ ದನ ಉಂಟು. ಸಂಜೆ ದೀಪ ಇಡ್ಲಿಕ್ಕೆ ಉಂಟು." ಮಾತು ಅಲ್ಲಿಗೆ ಮುಗಿಯಿತು.

ಭಾವ ಸೈನ್ಯದ ಗಾಡಿ ವಿಭಾಗದಲ್ಲಿ ಇದ್ದು ನಿವೃತ್ತರಾದವರು. ಸೈನ್ಯ ಹರಾಜು ಹಾಕಿದ ಗಾಡಿಗಳನ್ನು ಮಾರುವ ಒಬ್ಬನಲ್ಲಿಗೆ ಹೋಗಿ, ನಿಂತ ಸಾಲಿನಲ್ಲಿ ಈ ಜೀಪನ್ನು ಕಂಡು, ಹಳೆಯ ಗೆಳೆಯನನ್ನು ಕಂಡವರಂತೆ ಅದರ ಬಾನೆಟ್ಟಿಗೆ ಕೈ ಇಟ್ಟರಂತೆ. ಎಂಜಿನ್ ಗಟ್ಟಿ. ಆದರೆ ವಯರುಗಳನ್ನು ಇಲಿಗಳು ತಿಂದು ಮುಗಿಸಿದ್ದವು. ಎಲ್ಲವನ್ನೂ ಹೊಸದಾಗಿ ಎಳೆಯಬೇಕು. ಎಳೆಯುವುದಾದರೆ ಎಷ್ಟು ವೋಲ್ಟಿಗೆ ಎಳೆಯುವುದು? ನಮ್ಮ ಮನೆಯ ಜಗಳಗಳೆಲ್ಲ ತುಳುವಿನಲ್ಲಿ ನಡೆಯುತ್ತವೆ. ಕನ್ನಡಕ್ಕೆ ತರುವಾಗ ಬಿಸಿ ಸ್ವಲ್ಪ ಆರುತ್ತದೆ. ಆದರೂ ಆ ದಿನ ಅಕ್ಕನ ಜಗಲಿಯಲ್ಲಿ ನಡೆದದ್ದು ಸುಮಾರು ಹೀಗೆ.

"ಇದು ಹುಟ್ಟಿದ್ದೇ ಇಪ್ಪತ್ತನಾಲ್ಕು," ಎಂದರು ಭಾವ. "ಸ್ಟಾರ್ಟರ್ ಇಪ್ಪತ್ತನಾಲ್ಕು, ಲೈಟ್ ಇಪ್ಪತ್ತನಾಲ್ಕು, ಹಾರ್ನ್ ಸಹ ಇಪ್ಪತ್ತನಾಲ್ಕು. ಹಿಮದಲ್ಲಿ ಅರ್ಧ ಹುಗಿದು ಹೋಗಿದ್ರೂ ಒಂದೇ ತಿರುವಿಗೆ ಏಳ್ತದೆ."

"ಬಂದ್ಯೋಡಿನಲ್ಲಿ ಹಿಮ ಬೀಳುವುದು ಯಾವಾಗ ಭಾವ?" ಎಂದ ತಮ್ಮ. ಅವನು ಗಲ್ಫಿನಿಂದ ಮರಳಿ ಉಪ್ಪಳದಲ್ಲಿ ಕಾರುಗಳ ಅಲಂಕಾರದ ಸಾಮಾನಿನ ಅಂಗಡಿ ಇಟ್ಟಿದ್ದಾನೆ. "ಈಗ ಲೋಕ ಇಡೀ ಹನ್ನೆರಡು. ನನ್ನ ಅಂಗಡಿಯಲ್ಲಿ ಇರುವುದೆಲ್ಲ ಹನ್ನೆರಡು. ಅಕ್ಕನಿಗೆ ಒಂದು ಫ್ಯಾನ್ ಹಾಕುವುದು ಬೇಡವಾ? ಮೊಬೈಲ್ ಚಾರ್ಜ್ ಮಾಡುವುದು ಬೇಡವಾ? ದಾರಿಯಲ್ಲಿ ಬೇಟ್ರಿ ಕೈ ಕೊಟ್ರೆ ಯಾವ ಕಾರಿನವನಾದ್ರೂ ವಯರ್ ಕೊಟ್ಟು ಸ್ಟಾರ್ಟ್ ಮಾಡಿಸ್ತಾನೆ. ನಿಮ್ಮ ಇಪ್ಪತ್ತನಾಲ್ಕಕ್ಕೆ ಯಾರು ಕೊಡ್ತಾರೆ?"

"ಲಾರಿಯವ ಕೊಡ್ತಾನೆ. ಲಾರಿಯೂ ಇಪ್ಪತ್ತನಾಲ್ಕೇ."

"ಲಾರಿ ಈ ಗುಡ್ಡೆ ಹತ್ತಿ ಬರ್ತದಾ?"

"ನಿನ್ನ ಕಾರು ಬರ್ತದಾ?"

ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಜನರ ಕ್ರಯಪತ್ರ, ಪಾಲುಪತ್ರ ಬರೆದು ತಲೆ ಬೆಳ್ಳಗೆ ಮಾಡಿಕೊಂಡವನು. ಒಬ್ಬನು ಸರಿ, ಇನ್ನೊಬ್ಬನು ತಪ್ಪು ಎಂಬ ಜಗಳಗಳು ಬೇಗ ಮುಗಿಯುತ್ತವೆ ಎಂಬುದು ನನ್ನ ಅನುಭವ. ಎರಡೂ ಕಡೆ ಸರಿ ಇದ್ದರೆ ಅದು ಮಕ್ಕಳ ಕಾಲದವರೆಗೆ ಬಾಳುತ್ತದೆ. ಅಕ್ಕ ಒಳಗಿನಿಂದ ಹೇಳಿದಳು: "ಹನ್ನೆರಡಾದ್ರೂ ಆಗಲಿ, ಇಪ್ಪತ್ತನಾಲ್ಕಾದ್ರೂ ಆಗಲಿ. ಸೋಮವಾರ ಬೆಳಿಗ್ಗೆ ಅದು ಸ್ಟಾರ್ಟ್ ಆಗ್ಬೇಕು. ನನಗೆ ಅಷ್ಟೇ ಬೇಕಾದ್ದು."

ಅಕ್ಕ ಭಾವನಿಗೆ ಮಕ್ಕಳಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ತೀರ್ಮಾನ ಮಾಡುವವರು ಜಾಸ್ತಿ. ಬೆಳ್ಳೂರಿನಿಂದ ನಮ್ಮ ಸೋದರಮಾವನನ್ನು ಕರೆಸುವುದೆಂದಾಯಿತು. ತಾಯಿಯ ಅಣ್ಣತಮ್ಮಂದಿರೇ ಮನೆಯ ಯಜಮಾನರಾಗಿ ನಡೆಯುತ್ತಿದ್ದ ಕಾಲ ನಮ್ಮಲ್ಲಿ ಎಂದೋ ಮುಗಿದಿದೆ, ಕಾನೂನೇ ಬದಲಾಗಿದೆ. ಆದರೆ ಬದಲಾದ ಸುದ್ದಿಯನ್ನು ಮಾವನಿಗೆ ತಿಳಿಸುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ. ಮದುವೆ, ಬಾವಿ, ಎಲ್ಲೆಕಟ್ಟು, ಎಲ್ಲದಕ್ಕೂ ಕಡೆಯ ಮಾತು ಅವರದ್ದು. ಅವರ ತೀರ್ಪಿನ ಕ್ರಮ ಯಾವಾಗಲೂ ಒಂದೇ: ಅರ್ಧ ಅರ್ಧ. ಬಾವಿ ತೋಡುವ ಜಾಗದ ಬಗ್ಗೆ ಇಬ್ಬರು ಅಣ್ಣತಮ್ಮಂದಿರು ಜಗಳ ಮಾಡಿದಾಗ ಸರಿಯಾಗಿ ಇಬ್ಬರ ನಡುವೆ ತೋಡಿಸಿದವರು. ನೀರು ಸಿಗಲಿಲ್ಲ, ಆದರೆ ಜಗಳ ನಿಂತಿತು.

ಮಾವ ಬಿಳಿ ಅಂಗಿ ಹಾಕಿ, ಬೇಸಗೆಯಲ್ಲೂ ಕೊಡೆ ಹಿಡಿದು ಬಂದರು. ಸೈಕಲ್ ಸಹ ಬಿಟ್ಟು ಗೊತ್ತಿಲ್ಲದವರು. ಜೀಪಿಗೆ ಒಂದು ಸುತ್ತು ಬಂದರು. ಡ್ರೈವರನ ಪಕ್ಕದ ಸೀಟು ಎತ್ತಿಸಿ, ಅದರ ಅಡಿಯಲ್ಲಿ ಬ್ಯಾಟರಿ ಇಡುವ ಗೂಡನ್ನು ನೋಡಿದರು.

"ಬೇಟ್ರಿ ಎಷ್ಟು ಉಂಟು?"

"ಎರಡು," ಎಂದರು ಭಾವ.

"ಒಂದೊಂದು ಎಷ್ಟರದ್ದು?"

"ಹನ್ನೆರಡರದ್ದು."

"ಮತ್ತೆ ಜಗಳ ಎಂತದ್ದು? ಗಾಡಿ ಎಬ್ಬಿಸ್ಲಿಕ್ಕೆ ಎರಡೂ ಸೇರಲಿ. ಇವನ ಫ್ಯಾನು ಲೈಟಿಗೆ ಒಂದರಿಂದ ಕೊಡಿ. ಇಬ್ಬರದ್ದೂ ಆಯ್ತಲ್ಲ." ಮಾವ ಕೊಡೆ ಬಿಡಿಸಿದರು. ಕೊಡೆ ಬಿಡಿಸಿದರೆ ಸಭೆ ಮುಗಿಯಿತು ಎಂದರ್ಥ.

ಕೇಳುವುದಕ್ಕೆ ಅಷ್ಟು ನ್ಯಾಯವಾದ ತೀರ್ಪು ಇನ್ನೊಂದಿಲ್ಲ. ತಮ್ಮನ ಮುಖ ಅರಳಿತು. ಮಾವ ಗುಡ್ಡೆ ಇಳಿದ ಮೇಲೆ ಭಾವ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ನಮ್ಮ ಸೈನ್ಯದಲ್ಲಿ ಹೀಗೆ ಒಂದು ಬೇಟ್ರಿಯಿಂದ ವಯರ್ ಎಳೆದು ರೇಡಿಯೋ ಹಾಡು ಕೇಳಿದವನನ್ನು ಶಿಕ್ಷೆಗೆ ಬಿಸಿಲಿನಲ್ಲಿ ಓಡಿಸಿದ್ದುಂಟು."

"ಅದನ್ನು ಮಾವನ ಎದುರು ಹೇಳ್ಬೇಕಿತ್ತು."

"ಆರ್ಡರ್ ಆಯ್ತಲ್ಲ ಮಾರಾಯ್ರೇ," ಎಂದರು ಭಾವ. "ಆದ ಮೇಲೆ ಎಂತ ಹೇಳುವುದು?"

ಓಡಿಸಿದ್ದು ಯಾಕೆಂದು ಆಗ ನಾನು ಕೇಳಲಿಲ್ಲ. ಮುಂದೆ ತಾನಾಗಿ ತಿಳಿಯಿತು. ಪಾಲುಪತ್ರ ಬರೆದವನಿಗೆ ಅರ್ಥವಾಗುವ ಸಂಗತಿಯೇ. ಎರಡು ಬ್ಯಾಟರಿಗಳು ಒಂದೇ ಮನೆಯ ಅಣ್ಣತಮ್ಮಂದಿರು. ಎಂಜಿನ್ ಓಡುವಾಗ ಬರುವ ಆದಾಯ ಇಬ್ಬರಿಗೂ ಒಂದೇ ಸಮ. ಖರ್ಚು ಮಾತ್ರ ಒಬ್ಬನದ್ದೇ. ಒಬ್ಬನು ದಿನದಿಂದ ದಿನಕ್ಕೆ ಬತ್ತುತ್ತಾನೆ. ಅವನ ಹೊಟ್ಟೆ ತುಂಬಲೆಂದು ಇನ್ನೂ ಬಡಿಸಿದರೆ, ಆಗಲೇ ಉಂಡು ಮುಗಿಸಿದ ಇನ್ನೊಬ್ಬನೂ ತಿನ್ನಬೇಕಾಗುತ್ತದೆ. ಅವನು ಉಬ್ಬುತ್ತಾನೆ, ಕುದಿಯುತ್ತಾನೆ. ಇಬ್ಬರೂ ಹಾಳಾಗುತ್ತಾರೆ, ಒಂದೇ ಸೂರಿನ ಅಡಿಯಲ್ಲಿ, ಹೊರಗಿನವರಿಗೆ ತಿಳಿಯದ ಹಾಗೆ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಮಳೆ ಹಿಡಿಯಿತು. ಜೀಪು ಒಂದೇ ತಿರುವಿಗೆ ಎದ್ದು, ಗುಡ್ಡೆ ಇಳಿದು, ತೋಡು ದಾಟಿ, ಆ ಕಡೆಯ ಏರನ್ನು ಹಳೆಯ ಕೋಣದ ಹಾಗೆ ತಿಣುಕುತ್ತ ಹತ್ತುತ್ತಿತ್ತು. ಅಕ್ಕ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ. ಅವಳ ಅಡಿಯಲ್ಲಿ ಆ ಎರಡು ಬ್ಯಾಟರಿಗಳು. ಹಿಂದೆ ಅವಳ ಚೀಲ, ಫ್ಲಾಸ್ಕು ಹಿಡಿದುಕೊಂಡು ನಾನು.

ತಮ್ಮನಿಗೆ ಅಕ್ಕನೆಂದರೆ ಪ್ರಾಣ. ಆ ಪ್ರೀತಿ ವಾರವಾರ ಹನ್ನೆರಡು ವೋಲ್ಟಿನ ರೂಪದಲ್ಲಿ ಗುಡ್ಡೆ ಹತ್ತಿ ಬಂತು. ಮೊದಲು ಫ್ಯಾನು, ಮತ್ತೆ ಚಾರ್ಜರು. ಮಂಜು ಮಳೆಯಲ್ಲಿ ದಾರಿ ಕಾಣಲೆಂದು ದೊಡ್ಡದೊಂದು ಲೈಟು. ಆಮೇಲೆ ಕನ್ನಡಿಯ ಹತ್ತಿರ ಒಂದು ಕ್ಯಾಮೆರಾ. ಕಡೆಗೆ, ಜೀಪು ಎಲ್ಲಿಗೆ ಮುಟ್ಟಿತು ಎಂದು ಅವನಿಗೆ ಉಪ್ಪಳದಲ್ಲಿ ಕೂತು ಮೊಬೈಲಿನಲ್ಲಿ ಕಾಣುವ ಹಾಗೆ ಒಂದು ಸಣ್ಣ ಯಂತ್ರ, ಜೀಪಿನ ಬ್ಯಾಟರಿ ಬತ್ತಿದರೂ ಸ್ವಲ್ಪ ಹೊತ್ತು ನಡೆಯುವಂಥದ್ದು. ಕೊನೆಯವೆರಡು ಜೀಪು ಮಲಗಿದಾಗಲೂ ಮಲಗುವುದಿಲ್ಲ. ಎಲ್ಲಕ್ಕೂ ಬೇರು ಒಂದೇ ಬ್ಯಾಟರಿಯಲ್ಲಿ. ಬಂದ್ಯೋಡಿನ ಎಲೆಕ್ಟ್ರಿಶಿಯನ್ ಪ್ರತಿ ಸಲವೂ "ಹಾಕಬಹುದು, ಎಲ್ಲರೂ ಹಾಕ್ತಾರೆ" ಎನ್ನುತ್ತಿದ್ದ. ಅವನು ಇಲ್ಲ ಎಂದದ್ದನ್ನು ಯಾರೂ ಕೇಳಿಲ್ಲ.

ಮೊದಲು ಬಂದದ್ದು ವಾಸನೆ. "ಯಾರ ಮನೆಯಲ್ಲಿ ಮೊಟ್ಟೆ ಕೊಳೆತದ್ದು?" ಎಂದು ಅಕ್ಕ ಸೆರಗು ಮೂಗಿಗೆ ಇಟ್ಟುಕೊಂಡಳು. ಸುತ್ತ ಮನೆಯೇ ಇಲ್ಲದ ಜಾಗದಲ್ಲಿ ಹಾಗೆ ಕೇಳಿದಳು. ಮತ್ತೆ ಅವಳ ಸೀರೆಯ ಕೆಳಗಿನ ಅಂಚಿನಲ್ಲಿ ತೂತುಗಳು ಕಂಡವು. ಸಾಸಿವೆಯಷ್ಟು ಸಣ್ಣ ತೂತುಗಳು. ಅವಳು ಜಿರಲೆಗಳಿಗೆ ಬೈದಳು, ಕಪಾಟಿನಲ್ಲಿ ನುಸಿಗುಳಿಗೆ ಇಟ್ಟಳು. ಆಸ್ಪತ್ರೆಗೆ ಉಡುವ ಸೀರೆಗಳಲ್ಲಿ ಮಾತ್ರ ತೂತು ಬೀಳುತ್ತಿದ್ದುದನ್ನು ಭಾವ ಗಮನಿಸಿದರು. ಕುದಿಯುವ ಬ್ಯಾಟರಿಯ ಆಸಿಡ್ ಸಿಡಿಯದ ಹಾಗೆ ಸೀಟಿನ ಅಡಿಗೆ ಒಂದು ಹಲಗೆ ಕೂರಿಸಿದರು.

ಆ ಮೇಲೆ ಪ್ರತಿ ಆದಿತ್ಯವಾರ ಭಾವ ಸೀಟು ಎತ್ತಿ ಎರಡು ಬ್ಯಾಟರಿಗಳ ಜಾಗ ಅದಲುಬದಲು ಮಾಡತೊಡಗಿದರು. ಈ ವಾರ ದುಡಿದವನು ಬರುವ ವಾರ ಉಣ್ಣಲಿ ಎಂದು. ಕುದಿದು ಕಡಿಮೆಯಾದ ನೀರನ್ನು ಶೀಶೆಯಿಂದ ತುಂಬಿಸುವರು. ಒಂದರ ಪಕ್ಕೆ ಉಬ್ಬಿಕೊಂಡು ಬಂದಿತ್ತು. ಕಿವಿ ಹತ್ತಿರ ಹಿಡಿದರೆ ಒಳಗೆ ಸಣ್ಣಗೆ ಸುಯ್ಯೆಂಬ ಸದ್ದು, ಯಾರೋ ಹಲ್ಲು ಕಚ್ಚಿ ಉಸಿರು ಬಿಡುವ ಹಾಗೆ. "ನಾನು ಎತ್ತಿ ಕೊಡುವುದಾ?" ಎಂದು ಕೇಳಿದೆ. "ಸಿವಿಲಿಯನ್ನರು ಮುಟ್ಟುವುದು ಬೇಡ," ಎಂದರು.

ಜೀಪಿನ ದನಿಯೂ ಬದಲಾಯಿತು. ಒಂದೇ ತಿರುವಿಗೆ ಏಳುತ್ತಿದ್ದದ್ದು ಈಗ ಕೆಮ್ಮಿ, ತಡೆದು, ಯೋಚಿಸಿ ಏಳುತ್ತಿತ್ತು. ಪ್ರತಿ ಸಲ ಕೀಲಿ ತಿರುಗಿಸುವ ಮೊದಲು ಅಕ್ಕ ಮಾತು ನಿಲ್ಲಿಸುತ್ತಿದ್ದಳು. ಎದ್ದ ಮೇಲೆ, ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು.

ಇದಕ್ಕೆ ಪರಿಹಾರ ಇರಲಿಲ್ಲ ಎಂದಲ್ಲ. ತಮ್ಮನಿಗೆ ಕಡೆಗೂ ವಿಷಯ ಹೊಳೆದು, ಅವನೇ ಒಂದು ಡಬ್ಬಿ ತರಿಸಿದ. "ಇದು ಇಪ್ಪತ್ತನಾಲ್ಕನ್ನು ಹನ್ನೆರಡು ಮಾಡ್ತದೆ ಅಣ್ಣ. ಎರಡು ಬೇಟ್ರಿಯಿಂದಲೂ ಸಮ ಎಳೀತದೆ. ಒಂದು ಗಂಟೆಯ ಕೆಲಸ." ಅಂಗೈಯಗಲದ, ಕಪ್ಪು ಬಣ್ಣದ ಡಬ್ಬಿ. ಭಾವ ಅದನ್ನು ತಿರುಗಿಸಿ ನೋಡಿ, ಒಪ್ಪಿ ತಲೆಯಾಡಿಸಿದರು. ಆದರೆ ಅದನ್ನು ಹಾಕುವುದೆಂದರೆ ಮಾವನ ತೀರ್ಪನ್ನು ತಿದ್ದಿದ ಹಾಗೆ. ಕೇಳದೆ ಹಾಕುವುದು ಹೇಗೆ?

"ನೀನೇ ತಂದದ್ದು, ನೀನೇ ಹಾಕು," ಎಂದೆ ನಾನು.

"ನಾಳೆ ಅಕ್ಕನಿಗೆ ಎಂತಾದ್ರೂ ಆದ್ರೆ, ಮಾವ ಹೇಳಿದ್ದನ್ನು ಇವ ಕೆಡಿಸಿದ ಅಂತ ದೂರು ನನ್ನ ಮೇಲೆ ಬರ್ತದೆ," ಎಂದ ತಮ್ಮ. ನಿಜ, ಬರುತ್ತಿತ್ತು.

ಬೆಳ್ಳೂರಿಗೆ ಫೋನು ಮಾಡಿದೆವು. ಆಗ ಆಟಿ ತಿಂಗಳು, ಎಂದರೆ ತುಳುವರ ಆಷಾಢ, ಹಿಡಿದಿತ್ತು. ಆಟಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೊಸತು ಅನ್ನುವುದೇ ಇಲ್ಲ.

"ಗಾಡಿ ಓಡ್ತದಾ?" ಎಂದರು ಮಾವ.

"ಓಡ್ತದೆ."

"ಮತ್ತೆ ಎಂತ ಅವಸರ? ಆಟಿಯಲ್ಲಿ ಹೊಸ ವಸ್ತು ಹಾಕ್ಲಿಕ್ಕಿಲ್ಲ. ಸೋಣ ಬರಲಿ, ನಾನೇ ಬಂದು ನೋಡ್ತೇನೆ."

ಡಬ್ಬಿ ಪ್ಲಾಸ್ಟಿಕ್ ಕವರಿನೊಳಗೆ, ಅಕ್ಕನ ಜಗಲಿಯ ಮೂಲೆಯಲ್ಲಿ, ಮುಂದಿನ ಸೋಣ ತಿಂಗಳನ್ನು ಕಾಯುತ್ತ ಕೂತಿತು. ಅಕ್ಕ ಹೋಗುವಾಗ ಬರುವಾಗ ಅದನ್ನು ಒಮ್ಮೆ ನೋಡುವಳು. "ಆಟಿ ಒಂದು ಕಳೆದರೆ ಸಾಕು," ಎನ್ನುವಳು. ಆಟಿಯಲ್ಲಿ ಎಲ್ಲರೂ ಹೇಳುವ ಮಾತೇ ಅದು. ಅವಳು ಹೇಳುವಾಗ ಮಾತ್ರ ನಾನು ತೋಟದ ಕಡೆ ನೋಡುತ್ತಿದ್ದೆ.

ಆ ನಡುವೆ ಒಂದು ಆದಿತ್ಯವಾರ ಬ್ಯಾಟರಿ ಎತ್ತುವಾಗ ಭಾವನ ಸೊಂಟ ಹಿಡಿಯಿತು. ಎತ್ತಿದ್ದನ್ನು ಇದ್ದಲ್ಲೇ ಇಳಿಸಿದರು. ಮುಂದಿನ ವಾರವೂ ಬಗ್ಗಲಾಗಲಿಲ್ಲ. ನನ್ನನ್ನು ಮುಟ್ಟಲು ಬಿಡಲಿಲ್ಲ. ಜೀಪಿನ ಹತ್ತಿರ ಗೋಡೆ ಹಿಡಿದು ನಿಂತು, "ಇನ್ನೊಂದು ವಾರ ನಡೀತದೆ" ಎಂದರು. ಜೀಪಿಗೆ ಹೇಳಿದರೋ ನನಗೆ ಹೇಳಿದರೋ ಗೊತ್ತಾಗಲಿಲ್ಲ.

ಸೋಮವಾರ ಬೆಳಿಗ್ಗೆ ಮಳೆ ಹಗ್ಗ ಹಗ್ಗವಾಗಿ ಸುರಿಯುತ್ತಿತ್ತು. ನಡುವೆ ಎರಡು ದಿನದ ಬಿಡುವು ಬೀಳುವುದರಿಂದ ಸೋಮವಾರಗಳಂದು ಅಕ್ಕನಿಗೆ ಕಷ್ಟ. ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಜಗಲಿಯಿಂದ ಜೀಪಿನವರೆಗೆ ಬರುವಾಗ ನಡುವೆ ಒಮ್ಮೆ ನಿಂತು ಉಸಿರು ಎಳೆದುಕೊಂಡಳು. ಸೀಟಿನಲ್ಲಿ ಕೂತಳು. ಮಾತು ನಿಲ್ಲಿಸಿದಳು.

ಭಾವ ಕೀಲಿ ತಿರುಗಿಸಿದರು. ಟಕ್ ಎಂದಿತು. ಮೀಟರಿನ ದೀಪ ಕೆಂಡದ ಹಾಗೆ ಕೆಂಪಗಾಗಿ ಆರಿತು. ಮತ್ತೆ ತಿರುಗಿಸಿದರು. ಈ ಸಲ ಟಕ್ ಸಹ ಇಲ್ಲ.

"ಇಳಿಜಾರಿನಲ್ಲಿ ಬಿಡುವ," ಎಂದರು ಭಾವ. "ಎರಡನೇ ಗೇರಿನಲ್ಲಿ ಏಳ್ತದೆ. ನೂಕಿ."

"ಅಕ್ಕ ಇಳಿದುಕೊಳ್ಳಲಿ," ಎಂದೆ.

"ಇಳಿದು ಮತ್ತೆ ಹತ್ತುವ ಶಕ್ತಿ ಯಾರಿಗುಂಟು? ನೂಕು ಮಾರಾಯ," ಎಂದಳು ಅಕ್ಕ.

ನೂಕಿದೆ. ಜೀಪು ಮುರಕಲ್ಲಿನ ಮೇಲೆ ಉರುಳತೊಡಗಿತು. ಭಾವ ಕ್ಲಚ್ಚು ಬಿಟ್ಟಾಗ ಒಮ್ಮೆ ಗಡಗಡನೆ ನಡುಗಿತು, ಏಳಲಿಲ್ಲ. ಇನ್ನೊಮ್ಮೆ ನಡುಗಿತು. ಪೆಟ್ರೋಲ್ ಗಾಡಿ, ಕಿಡಿ ಹಾರಲು ಕರೆಂಟು ಬೇಕು, ಆ ಕರೆಂಟು ಅಲ್ಲಿರಲಿಲ್ಲ. ನಾನು ಹಿಂದೆ ಓಡಿದೆ. ಅಷ್ಟರಲ್ಲಿ ಜೇಬಿನ ಮೊಬೈಲು ಬಡಿದುಕೊಂಡಿತು. ಉಪ್ಪಳದಿಂದ ತಮ್ಮ.

"ಹೊರಟಿರಲ್ಲ ಅಣ್ಣ. ಮೊಬೈಲಿನಲ್ಲಿ ಕಾಣ್ತಾ ಉಂಟು. ಇವತ್ತು ಒಳ್ಳೆ ಸ್ಪೀಡಿನಲ್ಲಿ ಹೋಗ್ತಾ ಉಂಟು ಗಾಡಿ."

ಜೀಪು ತೋಡಿನ ಬದಿಯ ಕೆಸರಿಗೆ ಇಳಿದು ನಿಂತಿತು. ಮುಂದೆ ಏರು, ಹಿಂದೆ ಏರು. ಎಂಜಿನ್ ಇಲ್ಲದೆ ಅದು ಒಂದು ಕಬ್ಬಿಣದ ಕೊಟ್ಟಿಗೆ. ತಮ್ಮ ಕಾರು ತೆಗೆದುಕೊಂಡು ಬಂದ. ಕಾರು ಡಾಮರು ರಸ್ತೆಯ ಕೊನೆಯಲ್ಲಿ ನಿಂತಿತು, ಅದಕ್ಕಿಂತ ಈಚೆಗೆ ಚಕ್ರ ಹಿಡಿಯಲಿಲ್ಲ. ಅವನ ಕೈಯಲ್ಲಿ ಬ್ಯಾಟರಿಯಿಂದ ಬ್ಯಾಟರಿಗೆ ಕೊಡುವ ಕೆಂಪು ಕಪ್ಪು ವಯರುಗಳು. ಅವನು ಮಳೆಯಲ್ಲಿ ನಿಂತು ಆ ವಯರನ್ನು ನೋಡಿದ, ಜೀಪನ್ನು ನೋಡಿದ. ಭಾವ ಅವನ ಕಡೆ ನೋಡಲಿಲ್ಲ.

ನಾನು ಮನೆಗೆ ಓಡಿ ಪ್ಲಾಸ್ಟಿಕ್ ಕುರ್ಚಿ ತಂದೆ. ಹೆದ್ದಾರಿ ಕೆಲಸದ ಇಬ್ಬರು ಹಿಂದಿಯವರು ಆ ಕಡೆಯಿಂದ ಬರುತ್ತಿದ್ದರು. ಕರೆಯುವ ಮೊದಲೇ ಬಂದು ಕುರ್ಚಿಯ ಕಾಲು ಹಿಡಿದರು. ಅಕ್ಕನನ್ನು ಕೂರಿಸಿ ತೋಡು ದಾಟಿಸಿದೆವು. ನೀರು ಮೊಣಕಾಲಿಗೆ ಬರುತ್ತಿತ್ತು. ಏರಿನ ನಡುವೆ ಅಕ್ಕ ನನ್ನ ಭುಜ ಹಿಡಿದಳು. "ಮೆಲ್ಲ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ದನಕ್ಕೆ ಹುಲ್ಲು ಹಾಕಿಲ್ಲ," ಎಂದಳು.

ತಮ್ಮನ ಕಾರಿನಲ್ಲಿ ಆಸ್ಪತ್ರೆಗೆ ಮುಟ್ಟುವಾಗ ಅವಳ ಸರದಿ ಕಳೆದು ಯಂತ್ರ ಇನ್ನೊಬ್ಬರಿಗೆ ಹೋಗಿತ್ತು. ಅದರಲ್ಲಿ ತಪ್ಪೇನಿಲ್ಲ, ಆ ಇನ್ನೊಬ್ಬರೂ ದೂರದಿಂದ ಬಂದವರೇ. ಮಧ್ಯಾಹ್ನದ ಸರದಿಗೆ ಕಾಯಬೇಕು ಎಂದರು. ಮಧ್ಯಾಹ್ನಕ್ಕೆ ಮೊದಲೇ ಅಕ್ಕನಿಗೆ ಮಲಗಿ ಉಸಿರಾಡಲು ಆಗಲಿಲ್ಲ, ಕೂತು ಸಹ ಆಗಲಿಲ್ಲ. ಮೂಗಿಗೆ ಆಮ್ಲಜನಕ ಕೊಟ್ಟು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳುಹಿಸಿದರು. ತಮ್ಮ ಜೊತೆಯಲ್ಲಿ ಹೋದ. ಸೊಂಟ ಬಗ್ಗದ ಭಾವನನ್ನು ಅದರ ಮುಂದಿನ ಸೀಟಿಗೆ ನಾನು ಹತ್ತಿಸಿದೆ.

ಬುಧವಾರ ಬೆಳಿಗ್ಗೆ ಅಕ್ಕ ತೀರಿಕೊಂಡಳು. ಜೀಪನ್ನು ತೋಡಿನಿಂದ ಹೆದ್ದಾರಿ ಕೆಲಸದ ಜೆಸಿಬಿ ಎಳೆದು ತಂದಿತು. ಎಲೆಕ್ಟ್ರಿಶಿಯನ್ ನೋಡಿದಾಗ ಒಂದು ಬ್ಯಾಟರಿ ಬತ್ತಿತ್ತು, ಇನ್ನೊಂದರ ಪಕ್ಕೆ ಸೀಳಿತ್ತು. ಸೋಣ ತಿಂಗಳಲ್ಲಿ ಮಾವ ಬೆಳ್ಳೂರಿನಿಂದ ಬಂದು, ಜಗಲಿಯಲ್ಲಿ ಕೂತು, ಹನ್ನೆರಡೇ ಆಗಲಿ ಎಂದರು. ಭಾವ ಆಗಲಿ ಎಂದರು. ಸ್ಟಾರ್ಟರ್, ಲೈಟು, ಹಾರ್ನು ಎಲ್ಲ ಬದಲಾಯಿಸಿದ್ದಾರೆ. ಜೀಪಿಗೆ ಈಗ ಒಂದೇ ಬ್ಯಾಟರಿ, ಹನ್ನೆರಡು ವೋಲ್ಟಿನದ್ದು.